ಕುಡಿಕೆ, ಕವರು, ಚೀಟಿ: ಕೊಂಗುನಾಡಿನ ನಾಣ್ಯಗಳನ್ನು ಕಾಪಾಡುವ ಸಾಮಗ್ರಿಗಳ ಬಗ್ಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ.)

ನಾಣ್ಯ ಇಡಲು ಯಾವ ಡಬ್ಬಿ ಬೇಕು, ಯಾವ ಕವರು ಬೇಕು ಅನ್ನೋದು ಹವ್ಯಾಸಿಗಳ ಮಾತು, ಚರಿತ್ರೆಯ ಗೋಷ್ಠಿಯಲ್ಲಿ ಅದಕ್ಕೇನು ಕೆಲಸ ಅಂತ ಕೆಲವರಿಗೆ ಅನಿಸಬಹುದು. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಉದಾಹರಣೆ ಇಟ್ಟುಕೊಂಡು ನೋಡಿದರೆ ಅದು ಚರಿತ್ರೆಯದೇ ಪ್ರಶ್ನೆ ಎಂದು ತೋರಿಸುವುದು ನನ್ನ ಉದ್ದೇಶ. ಇಲ್ಲಿನ ಬೆಳ್ಳಿ ನಾಣ್ಯಗಳು ಮಣ್ಣಿನ ಕುಡಿಕೆಯಲ್ಲಿ 1,800 ವರ್ಷ ಸುರಕ್ಷಿತವಾಗಿ ಇದ್ದವು. ಮೇಲೆ ಬಂದ ನಂತರದ 200 ವರ್ಷಗಳಲ್ಲಿ ಅವು ಚದುರಿದವು, ಕರಗಿದವು. ಉಳಿದವುಗಳಲ್ಲಿಯೂ ಎಷ್ಟೋ ಮೂಕವಾದವು. ಲೋಹ ಉಳಿದು ಮಾಹಿತಿ ಹೋಯಿತು. ಹಾಗಾಗಿ ಸಂಗ್ರಹಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಚೀಟಿ ಅನ್ನುವುದು ಈ ಪ್ರಬಂಧದ ವಾದ.

ನನ್ನ ಮನೆ ತಿರುಪ್ಪೂರಿನಲ್ಲಿ, ಮನೆಮಾತು ಕನ್ನಡ. ಕೊಯಮತ್ತೂರು ಸೀಮೆಯಲ್ಲಿ ದೇವಾಂಗದವರು, ಒಕ್ಕಲಿಗರು ಸೇರಿದಂತೆ ಕನ್ನಡ ಮಾತಾಡುವ ಕುಟುಂಬಗಳು ತಲೆಮಾರುಗಳಿಂದ ಇವೆ. 1799ರವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಟಿಪ್ಪುವಿನ ಆನೆ ಚಿತ್ರದ ತಾಮ್ರದ ಕಾಸು ಇಲ್ಲಿನ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಇರುವುದು ಅದರಿಂದಲೇ. ಆದರೆ ಮೊದಲು ಅದಕ್ಕಿಂತ ಬಹಳ ಹಿಂದಿನ ನಾಣ್ಯಗಳ ಕತೆ ಹೇಳುತ್ತೇನೆ.

1. ಕುಡಿಕೆ

ಪಾಲಕ್ಕಾಡಿನ ಕಣಿವೆ ಪಶ್ಚಿಮ ಘಟ್ಟದಲ್ಲಿ ಒಂದು ದೊಡ್ಡ ಬಾಗಿಲು ಇದ್ದ ಹಾಗೆ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಮಲಬಾರಿನ ಮುಜಿರಿಸ್ ಬಂದರಿಗೆ ಬಂದ ಸರಕು ಆ ಬಾಗಿಲಿನಿಂದ ಕೊಂಗುನಾಡಿಗೆ ಬಂದು, ನೊಯ್ಯಲ್ ನದಿಯ ಗುಂಟ ಕರೂರಿನ ಕಡೆಗೆ ಹೋಗುತ್ತಿತ್ತು. ಕೊಂಗುನಾಡು ಎಂದರೆ ಇಂದಿನ ಕೊಯಮತ್ತೂರು, ತಿರುಪ್ಪೂರು, ಈರೋಡು, ಕರೂರು ಮತ್ತು ಸುತ್ತಲ ಪ್ರದೇಶ. ಕಾಂಗೇಯಂ ಬಳಿಯ ಪಡಿಯೂರಿನಲ್ಲಿ ಬೆರಿಲ್ ಎಂಬ ಹಸಿರು ನೀಲಿ ಹರಳು ಸಿಗುತ್ತಿತ್ತು. ನೊಯ್ಯಲ್ ದಂಡೆಯ ಕೊಡುಮಣಲ್‌ನಲ್ಲಿ ಹರಳುಗಳನ್ನು ಉಜ್ಜಿ ಮಣಿ ಮಾಡುವ ಕುಶಲಕರ್ಮಿಗಳಿದ್ದರು ಎಂಬುದು 1980ರ ದಶಕದಲ್ಲಿ ತಮಿಳು ವಿಶ್ವವಿದ್ಯಾಲಯ ಆರಂಭಿಸಿದ ಉತ್ಖನನಗಳಿಂದ ಗೊತ್ತಾಗಿದೆ. ಆ ಹರಳು, ಮೆಣಸು, ಬಟ್ಟೆಗಳ ವ್ಯಾಪಾರದ ಜೊತೆಗೆ ರೋಮಿನ ಬೆಳ್ಳಿ ನಾಣ್ಯ ದಿನಾರಿಯಸ್ ಇಲ್ಲಿಗೆ ಹರಿದು ಬಂತು. ಭಾರತ ಪ್ರತಿ ವರ್ಷ 5 ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಗೊಣಗಿದ್ದು ನಮ್ಮೆಲ್ಲರ ಪಠ್ಯದಲ್ಲಿ ಇರುವುದೇ.

ಈ ನಾಣ್ಯಗಳು ಸಿಕ್ಕಿದ್ದು ಹೆಚ್ಚಾಗಿ ಉತ್ಖನನದಲ್ಲಿ ಅಲ್ಲ, ಮಣ್ಣು ಅಗೆಯುವಾಗ ಆಕಸ್ಮಿಕವಾಗಿ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಪೊಳ್ಳಾಚಿ ಹತ್ತಿರ ರೋಮಿನ ಬೆಳ್ಳಿ ನಾಣ್ಯ ತುಂಬಿದ ಒಂದು ಮಡಕೆ ಸಿಕ್ಕಿದ್ದನ್ನು ಬರೆದಿದ್ದಾನೆ. ಕಂಪನಿಯ ಕಲೆಕ್ಟರ್ ಹರ್ಡಿಸ್ ಅದರಲ್ಲಿ 6 ನಾಣ್ಯಗಳನ್ನು ಅವನಿಗೆ ಕೊಟ್ಟ. ಎರಡು ಬಗೆಯವು, ತೂಕ ತಲಾ 56 ಗ್ರೇನ್, ಒಂದು ಆಗಸ್ಟಸ್‌ನದು, ಇನ್ನೊಂದು ಟೈಬೀರಿಯಸ್‌ನದು. ಕೊಯಮತ್ತೂರು ನಗರದ ಅಂಚಿನಲ್ಲಿರುವ ವೆಳ್ಳಲೂರಿನಲ್ಲಿ 1842ರಲ್ಲಿ 500ಕ್ಕೂ ಹೆಚ್ಚು ದಿನಾರಿಯಸ್‌ಗಳು ಸಿಕ್ಕವು. 1891ರಲ್ಲಿ, 1931ರಲ್ಲಿ ಅದೇ ಊರಿನಲ್ಲಿ ಮತ್ತೆ ಸಿಕ್ಕವು. ಈಗ ತಿರುಪ್ಪೂರು ಜಿಲ್ಲೆಗೆ ಸೇರಿರುವ ಉಡುಮಲೈಪೇಟೆ ಕಡೆಯ ಬೂದಿನತ್ತದಲ್ಲಿ 1940ರ ದಶಕದಲ್ಲಿ ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು.

ಈಗ ಒಂದು ಪ್ರಶ್ನೆ. ಬೆಳ್ಳಿ ಇಷ್ಟು ಕಾಲ ಹೇಗೆ ಉಳಿಯಿತು? ಮೊದಲನೆಯದು, ಆ ಕಾಲದ ದಿನಾರಿಯಸ್ ಬಹುತೇಕ ಶುದ್ಧ ಬೆಳ್ಳಿ. ಎರಡನೆಯದು, ಒಂದರ ಮೇಲೊಂದು ಒತ್ತಾಗಿ ಜೋಡಿಸಿದ್ದ ನಾಣ್ಯಗಳಿಗೆ ಗಾಳಿ ಕಡಿಮೆ ತಾಗುತ್ತಿತ್ತು. ಮೂರನೆಯದು, ಚೆನ್ನಾಗಿ ಸುಟ್ಟ ಮಣ್ಣು ಆಮ್ಲ ಬಿಡುವುದಿಲ್ಲ, ಗಂಧಕ ಬಿಡುವುದಿಲ್ಲ, ಒಳಗಿನ ವಸ್ತುವಿನ ಜೊತೆ ಬೆರೆಯುವುದಿಲ್ಲ. ಇವತ್ತು ನಾವು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಒಳ್ಳೆಯ ಕವರಿನ ಗುಣವೂ ಅದೇ, ಅಲ್ವಾ? ಕೊಂಗುನಾಡಿನ ಆ ಹೆಸರಿಲ್ಲದ ವ್ಯಾಪಾರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಅವನಿಗೆ ಕುಡಿಕೆ ಗೊತ್ತಿತ್ತು.

2. ಮೇಲೆ ಬಂದ ಮೇಲೆ ಕಳೆದದ್ದು

ಬುಕಾನನ್‌ಗೆ ಸಿಕ್ಕಿದ್ದು 6. ಮಡಕೆಯಲ್ಲಿ ಇದ್ದದ್ದು ಬಹಳ. ಆ 6 ನಾಣ್ಯಗಳ ವಿವರ ನಮಗೆ ಪುಸ್ತಕದಲ್ಲಿ ಸಿಗುತ್ತದೆ, ಮಿಕ್ಕವುಗಳ ಒಟ್ಟು ಸಂಖ್ಯೆಯೇ ಅದರಲ್ಲಿ ಇಲ್ಲ. ಇದು ಬುಕಾನನ್ ಒಬ್ಬನ ಕತೆಯಲ್ಲ, 19ನೇ ಶತಮಾನದ ರೂಢಿಯೇ ಹಾಗಿತ್ತು. ಒಂದು ನಿಧಿಯಲ್ಲಿ ಒಂದೇ ಬಗೆಯ ನಾಣ್ಯ ನೂರಾರು ಇದ್ದರೆ ಒಂದೆರಡು ಮಾದರಿ ಇಟ್ಟುಕೊಂಡು ಉಳಿದವನ್ನು ಹಂಚುವುದು, ಮಾರುವುದು ಸಹಜವೆನಿಸಿತ್ತು. ಅಧಿಕಾರಿಗಳ ಕಣ್ಣಿಗೆ ಬೀಳುವ ಮೊದಲೇ ಅಕ್ಕಸಾಲಿಯ ಮೂಸೆ ಸೇರಿದ ಬೆಳ್ಳಿಗಂತೂ ಲೆಕ್ಕವಿಲ್ಲ.

ಒಂದೇ ಬಗೆಯದ್ದು ಅಂತ ಬಿಟ್ಟರೆ ಏನು ಹೋಗುತ್ತದೆ? ದಕ್ಷಿಣ ಭಾರತದ ದಿನಾರಿಯಸ್ ನಿಧಿಗಳಲ್ಲಿ ಎರಡೇ ಮಾದರಿ ಮತ್ತೆ ಮತ್ತೆ ಬರುತ್ತವೆ: ಆಗಸ್ಟಸ್‌ನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ನಿಂತಿರುವ ಚಿತ್ರದ್ದು, ಮತ್ತು ಟೈಬೀರಿಯಸ್‌ನ ಕಾಲದ, ಕುಳಿತ ಸ್ತ್ರೀಯ ಚಿತ್ರದ್ದು. ಟೈಬೀರಿಯಸ್ ಸತ್ತದ್ದು ಕ್ರಿ.ಶ. 37ರಲ್ಲಿ. ಹಾಗಾದರೆ ನಿಧಿ ಹೂತದ್ದೂ ಆಗಲೇ ಎಂದು ಹೇಳಬಹುದೇ? ಆಗುವುದಿಲ್ಲ. ನಿಧಿಯ ಕೊನೆಯ ನಾಣ್ಯ ಹೇಳುವುದು ಅದಕ್ಕಿಂತ ಮೊದಲು ಹೂತಿಲ್ಲ ಎಂಬುದನ್ನು ಮಾತ್ರ. ಕ್ರಿ.ಶ. 64ರ ಸುಮಾರಿಗೆ ನೀರೋ ದಿನಾರಿಯಸ್‌ನ ತೂಕವನ್ನು ರೋಮನ್ ಪೌಂಡಿಗೆ 84ರಿಂದ 96ಕ್ಕೆ ಇಳಿಸಿದ, ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಿದ. ಆಮೇಲೆಯೂ ಇಲ್ಲಿನ ವ್ಯಾಪಾರಿಗಳು ಹಳೆಯ ಭಾರದ ನಾಣ್ಯವನ್ನೇ ಆರಿಸಿ ತೆಗೆದುಕೊಂಡಿದ್ದರೆ, ಅವು ಹತ್ತಾರು ವರ್ಷ ತಡವಾಗಿಯೂ ಬಂದಿರಬಹುದು. ಹಾಗಾದರೆ ಹೂತ ಕಾಲವನ್ನು ತಿಳಿಯುವುದು ಯಾವುದರಿಂದ? ನಾಣ್ಯಗಳ ಸವೆತದಿಂದ, ಒಂದೊಂದರ ತೂಕದಿಂದ, ಮತ್ತು ಕುಡಿಕೆಯಿಂದ.

ಕುಡಿಕೆಯ ಬಗ್ಗೆ ಹಳೆಯ ವರದಿಗಳಲ್ಲಿ ಇರುವುದು ಸಾಮಾನ್ಯವಾಗಿ ‘ಒಂದು ಮಡಕೆ’ ಎಂಬ ಎರಡು ಪದ. ಬಾಯಿ ಹೇಗಿತ್ತು, ಬಣ್ಣ ಯಾವುದು, ಚಿತ್ರ ಬಿಡಿಸಿತ್ತೇ, ಏನೂ ಇಲ್ಲ. ಕೊಂಗುನಾಡಿನ ಮಡಕೆಗಳಲ್ಲಿ ಕಪ್ಪು ಕೆಂಪು ಮಡಕೆ ಯಾವುದು, ಕಂದುಗೆಂಪು ಲೇಪದ ಮೇಲೆ ಗೆರೆ ಎಳೆದ ಮಡಕೆ ಯಾವುದು ಎಂದು ಕೊಡುಮಣಲ್ ಉತ್ಖನನದ ನಂತರ ನಾವು ವಿಂಗಡಿಸಬಲ್ಲೆವು. ಅಂದು ನಾಲ್ಕು ಬೋಕಿ ಚೂರು ಎತ್ತಿಟ್ಟಿದ್ದರೆ ಇವತ್ತು ಆ ನಿಧಿ ಹೂತ ಕಾಲದ ಬಗ್ಗೆ ಒಂದು ಸುಳಿವಾದರೂ ಸಿಗುತ್ತಿತ್ತು. ಬೆಳ್ಳಿ ಎತ್ತಿಕೊಂಡು ಮಣ್ಣು ಎಸೆದರು.

ಹೋಲಿಕೆಗೆ ಚಿತ್ರದುರ್ಗದ ಚಂದ್ರವಳ್ಳಿಯನ್ನು ನೋಡಿ. ಅಲ್ಲಿಯೂ ಆಗಸ್ಟಸ್, ಟೈಬೀರಿಯಸ್‌ರ ದಿನಾರಿಯಸ್ ಸಿಕ್ಕಿವೆ, ಸಾತವಾಹನ ಕಾಲದ ಸೀಸದ ನಾಣ್ಯಗಳೂ ಸಿಕ್ಕಿವೆ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ, ನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿದರು. ಸಂಖ್ಯೆಯಲ್ಲಿ ವೆಳ್ಳಲೂರಿನ ಮುಂದೆ ಚಂದ್ರವಳ್ಳಿಯ ನಾಣ್ಯಗಳು ಏನೂ ಅಲ್ಲ. ಆದರೂ ಯಾವ ಪದರದಲ್ಲಿ, ಯಾವ ಮಡಕೆಯ ಜೊತೆ ಎಂದು ದಾಖಲಾದ ಒಂದೇ ಒಂದು ನಾಣ್ಯ, ಜೊತೆ ಕಳೆದುಕೊಂಡ ನೂರು ನಾಣ್ಯಗಳಿಗಿಂತ ಹೆಚ್ಚು ಮಾತಾಡುತ್ತದೆ.

3. ಇವತ್ತಿನ ಸಾಮಗ್ರಿಗಳು

ಇನ್ನು ನಮ್ಮ ಕೈಗೆ ಎಟುಕುವ ಸಾಮಗ್ರಿಗಳ ವಿಷಯ. ಕಳೆದ ಎರಡು ವರ್ಷ ಎರಡೂ ಜಿಲ್ಲೆಗಳಲ್ಲಿ ಹಲವು ಮನೆ ಸಂಗ್ರಹಗಳನ್ನು ನೋಡಿದ್ದೇನೆ. ನಾಣ್ಯ ಕೆಡುವ ಬಗೆಗಳು ನಾಲ್ಕೈದೇ, ಮತ್ತೆ ಮತ್ತೆ ಅವೇ.

ಮೊದಲನೆಯದು, ತೊಳೆಯುವುದು. ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆಯ ಜೊತೆ ದೇವರ ಮನೆಯ ನಾಣ್ಯಕ್ಕೂ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವುದು ನಮ್ಮಲ್ಲಿ ಇದೆ. ಪೂಜೆಯ ನಾಣ್ಯ ಪೂಜೆಯದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಂಗ್ರಹದ ನಾಣ್ಯಕ್ಕೆ ಅದು ಬೇಡ. ಹುಣಸೆಯ ಆಮ್ಲ ಮೇಲ್ಪದರವನ್ನು ಕರಗಿಸುತ್ತದೆ, ಬೂದಿ ಗೆರೆ ಎಳೆಯುತ್ತದೆ. ನೀರೋನ ಮೊದಲಿನ ದಿನಾರಿಯಸ್‌ಗೂ ನಂತರದ್ದಕ್ಕೂ ಇರುವ ವ್ಯತ್ಯಾಸ ಅರ್ಧ ಗ್ರಾಂ ಆಸುಪಾಸು ಎಂಬುದನ್ನು ನೆನಪಿಡಿ. ಉಜ್ಜಿದಷ್ಟೂ ಆ ಸಾಕ್ಷ್ಯ ಚರಂಡಿಗೆ ಹೋಗುತ್ತದೆ.

ಎರಡನೆಯದು, ಕವರು. ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಮೆತ್ತನೆಯ ಪ್ಲಾಸ್ಟಿಕ್ ಹಾಳೆಗಳಲ್ಲಿ ಹೆಚ್ಚಿನವು ಪಿವಿಸಿ. ಹೊಸ ರೆಕ್ಸಿನ್ ಚೀಲದ ವಾಸನೆ ಬಂದರೆ ಅನುಮಾನಪಡಿ. ಕಾಲ ಕಳೆದಂತೆ ಅದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಅಂಟಂಟಾದ ಹಸಿರು ಪೊರೆ ಕಟ್ಟುತ್ತದೆ. ಅದರ ಬದಲು ಮೈಲಾರ್ ಎಂಬ ಹೆಸರಿನಲ್ಲಿ ಪರಿಚಿತವಾದ ಪಾಲಿಯೆಸ್ಟರ್ ಹಾಳೆ, ಇಲ್ಲವೇ ಪಾಲಿಪ್ರೊಪಿಲಿನ್ ಬಳಸಬೇಕು. ಪಾಲಿಯೆಸ್ಟರ್ ಹಾಳೆ ಗಡುಸು, ಮಡಚಿದರೆ ಚರಚರ ಸದ್ದು ಬರುತ್ತದೆ, ವಾಸನೆ ಇಲ್ಲ. ರಟ್ಟಿನ ಚೌಕಟ್ಟಿಗೆ ಪಿನ್ನು ಹೊಡೆದರೆ ಅದರ ತುದಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ.

ಮೂರನೆಯದು, ಗಂಧಕ. ಬೆಳ್ಳಿ ಕಪ್ಪಾಗುವುದು ಅದರಿಂದಲೇ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಸಾಧಾರಣ ರಟ್ಟು, ಹಳೆ ಪೇಪರು, ಇವೆಲ್ಲ ಬೆಳ್ಳಿಯ ಶತ್ರುಗಳು. ತಿರುಪ್ಪೂರಿನವರಿಗೆ ಒಂದು ಮಾತು: ನಮ್ಮಲ್ಲಿ ಬನಿಯನ್ ವೇಸ್ಟ್ ಧಾರಾಳ, ನಾಣ್ಯ ಸುತ್ತಿಡಲು ಅದೇ ಕೈಗೆ ಬರುತ್ತದೆ. ಬ್ಲೀಚು, ಬಣ್ಣ ಕಂಡ ಬಟ್ಟೆ ಬೇಡ. ಬಣ್ಣ ಹಾಕದ ಕೋರಾ ಬಟ್ಟೆಯನ್ನು ಬರಿ ನೀರಿನಲ್ಲಿ ಹಲವು ಸಲ ಒಗೆದು ಒಣಗಿಸಿ, ನಾಣ್ಯ ನೋಡುವಾಗ ಮೇಜಿನ ಮೇಲೆ ಹಾಸಲು ಬಳಸಿ. ಕೈಜಾರಿದರೂ ಪೆಟ್ಟಾಗುವುದಿಲ್ಲ. ಬೆವರಿನಲ್ಲಿ ಉಪ್ಪಿದೆ, ಹಾಗಾಗಿ ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಪುಡಿ ಇಲ್ಲದ ನೈಟ್ರೈಲ್ ಕೈಗವಸು ಇದ್ದರೆ ಇನ್ನೂ ಒಳ್ಳೆಯದು.

ನಾಲ್ಕನೆಯದು, ತೇವ. ಕೊಯಮತ್ತೂರು ಒಣ ಊರು ಅಂತ ಧೈರ್ಯವಾಗಿರಬೇಡಿ. ಅಕ್ಟೋಬರ್, ನವೆಂಬರ್‌ನ ಹಿಂಗಾರಿನಲ್ಲಿ ಬೀರುವಿನ ಒಳಗೂ ಥಂಡಿ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು, ತಿಂಗಳಿಗೊಮ್ಮೆ ನೋಡಬೇಕು. ಬಣ್ಣ ಬದಲಾಗಿ ತೇವ ತೋರಿಸುವ ಜೆಲ್ಲಿನಲ್ಲಿ ನೀಲಿಯದು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷ ಇರುತ್ತದೆ. ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ. ರಫ್ತಿನ ಪೆಟ್ಟಿಗೆಯಿಂದ ಉಳಿದ ಹಳೆಯ ಪೊಟ್ಟಣಗಳು ಆಗಲೇ ತೇವ ಕುಡಿದಿರುತ್ತವೆ, ಅವನ್ನು ಹಾಗೇ ಹಾಕಿ ಪ್ರಯೋಜನವಿಲ್ಲ.

ತಾಮ್ರ, ಕಂಚಿನ ನಾಣ್ಯಗಳಿಗೆ ಈ ತೇವವೇ ಪ್ರಾಣಾಂತಿಕ. ಲೋಹದ ಒಳಗೆ ಕ್ಲೋರೈಡ್ ಉಪ್ಪು ಸೇರಿಕೊಂಡಿದ್ದರೆ, ತೇವ ತಾಗಿದಾಗ ತಿಳಿಹಸಿರು ಪುಡಿ ಏಳಲು ಶುರುವಾಗಿ ನಾಣ್ಯವನ್ನು ಒಳಗಿನಿಂದ ತಿನ್ನುತ್ತದೆ. ಗಟ್ಟಿಯಾದ ಹಳೆಯ ಕಿಲುಬು ಬೇರೆ, ಇದು ಬೇರೆ. ಬೆರಳಿಗೆ ಪುಡಿ ಹತ್ತಿದರೆ ಅದು ರೋಗ. ಆ ನಾಣ್ಯವನ್ನು ತಕ್ಷಣ ಬೇರೆ ಡಬ್ಬಿಗೆ ಹಾಕಿ, ಒಳಗಿನ ತೇವವನ್ನು ಶೇ. 40ಕ್ಕಿಂತ ಕೆಳಗೆ ಇಳಿಸಿ, ಸಂರಕ್ಷಣಾ ತಜ್ಞರಿಗೆ ತೋರಿಸಬೇಕು. ಕರೂರಿನಲ್ಲಿ ಅಮರಾವತಿ ನದಿಯ ಮರಳಿನಿಂದ ಚೇರರ ಮತ್ತು ರೋಮಿನ ಸಣ್ಣ ತಾಮ್ರದ ನಾಣ್ಯಗಳು ಬಹಳ ಬಂದಿವೆ. ನೊಯ್ಯಲ್‌ನ ಕತೆ ನಿಮಗೆ ಗೊತ್ತು: ತಿರುಪ್ಪೂರಿನ ಬಣ್ಣದ ಘಟಕಗಳ ಉಪ್ಪುನೀರು ವರ್ಷಗಟ್ಟಲೆ ಅದರಲ್ಲಿ ಹರಿಯಿತು, 2011ರಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನು ಮುಚ್ಚಿಸುವವರೆಗೂ ಹೋಯಿತು. ಇಂಥ ನದಿಪಾತ್ರದಿಂದ ಬಂದ ತಾಮ್ರದ ಕಾಸು ಉಪ್ಪು ಕುಡಿದೇ ಬಂದಿದೆ ಎಂದು ತಿಳಿದು ಕಾಪಾಡುವುದು ಕ್ಷೇಮ.

ಐದನೆಯದು, ಪೆಟ್ಟಿಗೆ. ಹೊಸ ಮರ, ಪ್ಲೈವುಡ್, ಅವುಗಳ ಅಂಟು ಆಮ್ಲದ ಆವಿ ಬಿಡುತ್ತವೆ. ಸೀಸಕ್ಕೆ ಇದು ಬಹಳ ಕೆಟ್ಟದ್ದು. ಚಂದ್ರವಳ್ಳಿಯಂಥ ಸೀಸದ ನಾಣ್ಯ ನಿಮ್ಮಲ್ಲಿದ್ದರೆ ಮರದ ಪೆಟ್ಟಿಗೆಯಲ್ಲಿ ಇಡಲೇಬೇಡಿ, ಬಿಳಿ ಪುಡಿಯಾಗಿ ಉದುರುತ್ತದೆ. ಬಣ್ಣ ಸುಟ್ಟು ಕೂರಿಸಿದ ಕಬ್ಬಿಣದ ಬೀರು ವಾಸಿ. ಅದರಲ್ಲಿ ಸೀರೆಗೆ ಇಡುವ ನುಸಿಗುಳಿಗೆ ಮಾತ್ರ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ.

4. ಚೀಟಿ

ಇಷ್ಟೆಲ್ಲ ಮಾಡಿದರೂ ಒಂದು ಸಂಗ್ರಹ ಸಾಯಬಹುದು. ಅಂಥದ್ದೊಂದನ್ನು ನಾನು ಕಂಡಿದ್ದೇನೆ. ಕೊಯಮತ್ತೂರಿನಲ್ಲಿ ಮಿಲ್ ಕೆಲಸದಲ್ಲಿದ್ದ ಒಬ್ಬ ಹಿರಿಯರು ಸಂತೆ ಸಂತೆ ಸುತ್ತಿ ದಶಕಗಳ ಕಾಲ ನಾಣ್ಯ ಕೂಡಿಸಿದ್ದರು. ಯಾವ ಊರಿನಲ್ಲಿ, ಯಾರ ಹೊಲದಲ್ಲಿ ಸಿಕ್ಕಿದ್ದು ಎಂದು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಮಕ್ಕಳು ನಾಣ್ಯಗಳನ್ನು ಮೂರು ಪಾಲು ಮಾಡಿಕೊಂಡರು, ಜಗಳವಿಲ್ಲದೆ, ಎಣಿಸಿ. ಪುಸ್ತಕವನ್ನು ಮೂರು ಪಾಲು ಮಾಡಲು ಆಗುವುದಿಲ್ಲವಲ್ಲ, ಅದು ಹಳೆ ಪೇಪರಿನ ಜೊತೆ ತೂಕಕ್ಕೆ ಹೋಯಿತು. ನಾನು ನೋಡಿದ ಪಾಲಿನಲ್ಲಿ ಮೈಸೂರಿನ ಆನೆ ಕಾಸುಗಳು ಚೊಕ್ಕವಾಗಿವೆ, ಒಳ್ಳೆಯ ಕವರಿನಲ್ಲಿವೆ. ಅವು ಯಾವ ಊರಿನವು ಎಂದು ಹೇಳಬಲ್ಲವರು ಇನ್ನಿಲ್ಲ. “ಅಪ್ಪ ಇದ್ದಿದ್ರೆ ಒಂದೊಂದನ್ನೂ ಹೇಳ್ತಿದ್ರು” ಅಂದರು ಅವರ ಮಗಳು. ಮೈಸೂರಿನ ಆಡಳಿತ ಕೊಯಮತ್ತೂರು ಸೀಮೆಯ ಯಾವ ಮೂಲೆಯ ಸಂತೆಯವರೆಗೆ ತನ್ನ ಚಿಲ್ಲರೆಯನ್ನು ತಲುಪಿಸಿತ್ತು ಎಂದು ಕೇಳುವವರಿಗೆ ಆ ಪುಸ್ತಕವೇ ಆಕರವಾಗುತ್ತಿತ್ತು.

ಚೀಟಿ ಇದ್ದರಷ್ಟೇ ಸಾಲದು, ಸರಿಯಾಗಿ ಬರೆದಿರಬೇಕು. ‘ಕೊಯಮತ್ತೂರು ಜಿಲ್ಲೆ’ ಎಂದಷ್ಟೇ ಇರುವ ಹಳೆಯ ಚೀಟಿಯನ್ನು ಓದುವುದು ಹೇಗೆ? ಕರೂರು ತಾಲ್ಲೂಕು 1910ರವರೆಗೆ ಈ ಜಿಲ್ಲೆಯಲ್ಲಿತ್ತು. ಕೊಳ್ಳೇಗಾಲ 1956ರವರೆಗೆ ಇದೇ ಜಿಲ್ಲೆಯಲ್ಲಿತ್ತು, ಈಗ ನಮ್ಮ ಚಾಮರಾಜನಗರ ಜಿಲ್ಲೆ. ಈರೋಡು 1979ರಲ್ಲಿ ಪೆರಿಯಾರ್ ಜಿಲ್ಲೆಯಾಗಿ ಬೇರೆಯಾಯಿತು. ತಿರುಪ್ಪೂರು ಜಿಲ್ಲೆ ಆದದ್ದು 2009ರಲ್ಲಿ. ಅಂದರೆ 1900ರ ಚೀಟಿಯ ‘ಕೊಯಮತ್ತೂರು’ ಕೊಳ್ಳೇಗಾಲದ ಕಡೆಯ ಬೆಟ್ಟದ ಊರೂ ಆಗಿರಬಹುದು, ಪಾಲಕ್ಕಾಡಿನ ಗಡಿಯ ಊರೂ ಆಗಿರಬಹುದು. ಜಿಲ್ಲೆಗಳು ಒಡೆಯುತ್ತವೆ, ಊರಿನ ಹೆಸರು ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ಊರು, ತಾಲ್ಲೂಕು, ಬರೆದ ವರ್ಷ, ಈ ಮೂರೂ ಇರಲೇಬೇಕು.

ಜೊತೆಗೆ ತೂಕ (0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು), ವ್ಯಾಸ, ಎರಡೂ ಬದಿಯ ಫೋಟೊ, ಯಾರಿಂದ ಬಂತು, ಜೊತೆಯಲ್ಲಿ ಬೇರೆ ಏನು ಸಿಕ್ಕಿತ್ತು. ಆಮ್ಲರಹಿತ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ ಶಾಯಿ ಹರಡುತ್ತದೆ. ನಾಣ್ಯದ ಮೇಲೆ ಸಂಖ್ಯೆ ಬರೆಯಬೇಡಿ. ಚೀಟಿ ನಾಣ್ಯದ ಜೊತೆಗಿರಲಿ, ಅದರ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಊಹೆಯನ್ನು ಊಹೆ ಎಂದೇ ಬರೆಯಿರಿ. “ಮಾರಿದವರು ಧಾರಾಪುರಂ ಎಂದರು” ಅನ್ನುವುದು ಒಂದು ಪ್ರಾಮಾಣಿಕ ದಾಖಲೆ, ಬರಿ “ಧಾರಾಪುರಂ” ಅನ್ನುವುದು ಅಲ್ಲ.

ಪ್ರಶ್ನೋತ್ತರದಿಂದ

ಅಧ್ಯಾಪಕರೊಬ್ಬರು ಕೇಳಿದರು: ಹೀಗೆ ಕಾಪಾಡುವ ವಿಧಾನ ಹೇಳಿಕೊಟ್ಟರೆ ನಿಧಿ ಬಚ್ಚಿಡುವವರಿಗೆ ಸಹಾಯ ಮಾಡಿದಂತೆ ಆಗುವುದಿಲ್ಲವೇ?

ಈ ಪ್ರಶ್ನೆ ಬೇಕಾದದ್ದೇ. ಕಾನೂನು ಸ್ಪಷ್ಟವಾಗಿದೆ. 1878ರ ನಿಧಿ ಕಾಯಿದೆಯ ಪ್ರಕಾರ ಮಣ್ಣಿನಲ್ಲಿ ಅಡಗಿದ್ದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ 100 ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಕಳಿಸುವಂತಿಲ್ಲ. ನಾನು ಹೇಳುತ್ತಿರುವುದು ಆಗಲೇ ಮನೆಗಳಲ್ಲಿ ಇರುವ ನಾಣ್ಯಗಳ ಬಗ್ಗೆ. ಹೊಲದಲ್ಲಿ ಹೊಸದಾಗಿ ಏನಾದರೂ ಕಂಡರೆ ಮಾಡಬೇಕಾದ್ದು ಇಷ್ಟೇ: ತೊಳೆಯಬೇಡಿ, ಬೇರ್ಪಡಿಸಬೇಡಿ, ಕುಡಿಕೆಯ ಚೂರು ಸಹಿತ ಹಾಗೆಯೇ ಬಿಟ್ಟು ಫೋಟೊ ತೆಗೆದು ತಹಶೀಲ್ದಾರರಿಗೆ ತಿಳಿಸಿ. ದಾಖಲೆ ಬರೆಯುವ ಅಭ್ಯಾಸ ಬೆಳೆದಷ್ಟೂ ಮೂಲ ಹೇಳಲಾಗದ ನಾಣ್ಯವನ್ನು ಕೊಳ್ಳುವ ಮುನ್ನ ಜನ ಎರಡು ಸಲ ಯೋಚಿಸುತ್ತಾರೆ.

ಸಹವಿದ್ಯಾರ್ಥಿನಿಯೊಬ್ಬರು ಕೇಳಿದರು: ಇದೆಲ್ಲ ಕೊಳ್ಳಲು ನಮ್ಮ ಹತ್ರ ದುಡ್ಡಿಲ್ಲ, ಒಂದೇ ಒಂದು ಅಂದ್ರೆ ಯಾವುದು ತಗೋಬೇಕು?

ಪೆನ್ಸಿಲು. ಮನೆಯಲ್ಲಿ ಹಳೆಯ ಕಾಸು ಇದ್ದರೆ ಇವತ್ತು ಸಂಜೆ ಅಜ್ಜಿಯ ಹತ್ತಿರವೋ ತಾತನ ಹತ್ತಿರವೋ ಕೂತು, ಅದು ಎಲ್ಲಿಂದ ಬಂತು ಎಂದು ಕೇಳಿ ಅವರ ಮಾತಿನಲ್ಲೇ ಬರೆದಿಡಿ, ತಾರೀಕು ಹಾಕಿ. ಕವರನ್ನು ಮುಂದಿನ ತಿಂಗಳೂ ಕೊಳ್ಳಬಹುದು.